ರಿಕ್‌ವುಡ್: ಉಳಿಸಿದ್ದೇನು, ಬಿಟ್ಟಿದ್ದೇನು

ಅಮೆರಿಕದಲ್ಲಿ ಬೇಸ್‌ಬಾಲ್ ಕ್ರೀಡಾಂಗಣಗಳಿಗೆ ಆಯಸ್ಸು ಕಡಿಮೆ. ನಾಲ್ಕೈದು ದಶಕ ಕಳೆಯುವಷ್ಟರಲ್ಲಿ ಹಳತಾಯಿತೆಂದು ಕೆಡವಿ ಇನ್ನೊಂದನ್ನು ಎಬ್ಬಿಸುವುದು ಅಲ್ಲಿ ಹಲವು ಊರುಗಳ ವಾಡಿಕೆ. ಅದರಿಂದ ತಪ್ಪಿಸಿಕೊಂಡು ಉಳಿದದ್ದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ರಿಕ್‌ವುಡ್ ಫೀಲ್ಡ್. 1910ರ ಆಗಸ್ಟ್ 18ರಂದು ಬಾಗಿಲು ತೆರೆದ ಈ ಅಂಗಣ ಬಾಸ್ಟನ್ನಿನ ಫೆನ್‌ವೇ ಪಾರ್ಕ್‌ಗಿಂತ ಎರಡು ವರ್ಷ, ಶಿಕಾಗೊದ ರಿಗ್ಲಿ ಫೀಲ್ಡ್‌ಗಿಂತ ನಾಲ್ಕು ವರ್ಷ ಹಿರಿಯದು. ಆ ದೇಶದಲ್ಲಿ ಇಂದಿಗೂ ನಿಂತಿರುವ ವೃತ್ತಿಪರ ಬೇಸ್‌ಬಾಲ್ ಅಂಗಣಗಳಲ್ಲಿ ಇದೇ ಹಳೆಯದು. ಆದರೆ ಹಳೆಯದಾಗಿರುವುದೇ ಒಂದು ಗುಣವಲ್ಲ. ಮೂರು ದಶಕಗಳಿಂದ ಇದನ್ನು ಜತನ ಮಾಡುತ್ತಿರುವವರು ಕಟ್ಟಡವನ್ನು ಉಳಿಸಿದ್ದಾರೆ, ಸರಿ. ಅದರ ಚರಿತ್ರೆಯಲ್ಲಿ ಯಾವ ಭಾಗವನ್ನು ಉಳಿಸಿದರು, ಯಾವುದನ್ನು ನಯಮಾಡಿದರು ಎಂಬುದನ್ನು ಅಳೆದು ನೋಡಬೇಕಾಗಿದೆ.

ರಿಕ್‌ವುಡ್ ಮೈನರ್ ಲೀಗಿನ ಅಂಗಣ. ಮೈನರ್ ಲೀಗ್ ಎಂದರೆ ಏನೆಂದು ಮೊದಲು ಹೇಳಬೇಕು. ಇಲ್ಲಿನ ತಂಡಗಳು ಹೆಚ್ಚಾಗಿ ಮೇಜರ್ ಲೀಗಿನ ಯಾವುದೋ ದೊಡ್ಡ ತಂಡದ ಅಧೀನದಲ್ಲಿರುತ್ತವೆ. ಹತ್ತೊಂಬತ್ತು, ಇಪ್ಪತ್ತರ ಹುಡುಗರು ಬಂದು ಪಳಗುತ್ತಾರೆ. ಊರಿನ ಜನ ಒಬ್ಬನನ್ನು ಹಚ್ಚಿಕೊಳ್ಳುವ ಹೊತ್ತಿಗೆ ಅವನಿಗೆ ಮೇಲಿನಿಂದ ಕರೆ ಬಂದಿರುತ್ತದೆ. ಆಟಗಾರರು ಬಂದುಹೋಗುವವರು, ತಂಡದ ಒಡೆತನವೂ ಕೈ ಬದಲಾಯಿಸುತ್ತದೆ. ಊರಿಗೆ ತನ್ನದೆಂದು ಉಳಿಯುವುದು ಅಂಗಣ ಒಂದೇ. ಹಾಗಾಗಿ ಮೈನರ್ ಲೀಗ್ ಅಂಗಣದ ಚರಿತ್ರೆ ಆಟದ ಚರಿತ್ರೆಗಿಂತ ಹೆಚ್ಚಾಗಿ ಊರಿನ ಚರಿತ್ರೆ.

ಬರ್ಮಿಂಗ್‌ಹ್ಯಾಮ್ 1871ರಲ್ಲಿ ಹುಟ್ಟಿದ ಊರು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು ಮೂರೂ ಹತ್ತಿರದಲ್ಲೇ ಸಿಕ್ಕಿದ್ದರಿಂದ ಕುಲುಮೆಗಳ ಸುತ್ತ ಬೆಳೆದದ್ದು. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಮನೆತನದ ರಿಕ್ ವುಡ್‌ವರ್ಡ್ ಊರಿನ ತಂಡ ಬ್ಯಾರನ್ಸ್ ಅನ್ನು ಕೊಂಡು ಅಂಗಣ ಕಟ್ಟಿಸಿದ; ಅಂಗಣದ ಹೆಸರು ಅವನ ಹೆಸರಿನ ತುಂಡುಗಳನ್ನೇ ಜೋಡಿಸಿ ಆದದ್ದು. ಮರದ ಗ್ಯಾಲರಿಗಳು ಬೆಂಕಿಗೆ ಆಹುತಿಯಾಗುತ್ತಿದ್ದ ಕಾಲ ಅದು. ಮೈನರ್ ಲೀಗಿನಲ್ಲಿ ಕಾಂಕ್ರೀಟು ಮತ್ತು ಉಕ್ಕಿನಿಂದ ಎದ್ದ ಮೊದಲ ಅಂಗಣ ಇದೇ. ಖರ್ಚು ಸುಮಾರು 75,000 ಡಾಲರ್. ಮೈದಾನದ ಅಳತೆ ಹಾಕುವಾಗ ಫಿಲಡೆಲ್ಫಿಯಾದ ಹೆಸರಾಂತ ಮ್ಯಾನೇಜರ್ ಕಾನಿ ಮ್ಯಾಕ್ ಸಲಹೆ ಕೊಟ್ಟ. ಕಮಾನುಗಳ ಮುಂಭಾಗ ಸೇರಿದ್ದು 1928ರಲ್ಲಿ, ರಾತ್ರಿ ಆಟಕ್ಕೆ ದೀಪಗಳು ಬಂದದ್ದು 1936ರಲ್ಲಿ.

ವಾಸ್ತುವಿನ ದೃಷ್ಟಿಯಿಂದ ನೋಡಿದರೆ ರಿಕ್‌ವುಡ್ ಮೆಚ್ಚುವಂಥ ಕೆಲಸ. ಚಾವಣಿಯ ಭಾರ ಹೊತ್ತ ಉಕ್ಕಿನ ಕಂಬಗಳು ಕೆಲವು ಆಸನಗಳ ನೋಟಕ್ಕೆ ಅಡ್ಡ ಬರುತ್ತವೆ, ನಿಜ. ಆದರೆ ಆ ಕಂಬಗಳಿರುವುದರಿಂದಲೇ ಗ್ಯಾಲರಿ ಮೈದಾನಕ್ಕೆ ಅಷ್ಟು ಹತ್ತಿರ ಬಾಗಿ ನಿಲ್ಲಲು ಸಾಧ್ಯವಾಗಿದೆ. ಕಂಬವಿಲ್ಲದ ಹೊಸ ಅಂಗಣಗಳಲ್ಲಿ ನೋಟಕ್ಕೆ ಅಡ್ಡಿಯಿಲ್ಲ. ಮೇಲಿನ ಆಸನಗಳು ಮಾತ್ರ ಹಿಂದಕ್ಕೆ ಸರಿದು ಆಟಗಾರರು ಸಣ್ಣಗೆ ಕಾಣುತ್ತಾರೆ. ರಿಕ್‌ವುಡ್‌ನಲ್ಲಿ ದಕ್ಕುವ ಈ ಸಾಮೀಪ್ಯವೇ ಅದರ ಮೊದಲ ಗುಣ. 1931ರ ಡಿಕ್ಸಿ ಸೀರೀಸ್ ಎಂಬ ಸರಣಿಯ ಒಂದು ಪಂದ್ಯಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಒಳಗೆ ತುಂಬಿಕೊಂಡಿದ್ದರು. ನಲವತ್ತಮೂರು ವಯಸ್ಸಿನ ಪಿಚರ್ ರೇ ಕಾಲ್ಡ್‌ವೆಲ್ ಆ ದಿನ, ಮುಂದೆ ಮೇಜರ್ ಲೀಗನ್ನೇ ಆಳಲಿದ್ದ ಯುವಕ ಡಿಜ್ಜಿ ಡೀನ್‌ನನ್ನು 1–0 ಅಂತರದಲ್ಲಿ ಸೋಲಿಸಿದ. ಅಂಗಣದ ಅಭಿಮಾನಿಗಳು ಬಾಯ್ತುಂಬ ಹೇಳುವ ಕಥೆ ಇದು.

ಅದೇ ಗ್ಯಾಲರಿಯಲ್ಲಿ ಪಂಕ್ತಿಭೇದವಿತ್ತು. ಬ್ಯಾರನ್ಸ್ ಬಿಳಿಯರ ತಂಡ. ಅದು ಆಡುವ ದಿನ ಕರಿಯ ಪ್ರೇಕ್ಷಕರಿಗೆ ಚಾವಣಿಯ ಕೆಳಗೆ ಜಾಗವಿಲ್ಲ, ಬಲ ಹೊರಮೈದಾನದ ಕಡೆಯ ಬಯಲು ಮೆಟ್ಟಿಲುಸಾಲೇ ಗತಿ. ಬ್ಯಾರನ್ಸ್ ಪರಊರಿಗೆ ಹೋದಾಗ ಅದೇ ಅಂಗಣವನ್ನು ಬಾಡಿಗೆಗೆ ಪಡೆದು, ಕರಿಯ ಆಟಗಾರರ ಲೀಗಾದ ನೀಗ್ರೊ ಲೀಗಿನ ಬ್ಲ್ಯಾಕ್ ಬ್ಯಾರನ್ಸ್ ಆಡುತ್ತಿತ್ತು. ಆಗ ಚಾವಣಿಯ ನೆರಳು ಕರಿಯರದು. ನೋಡಬಂದ ಬಿಳಿಯರಿಗೆ ಬೇರೆ ಜಾಗ. ಒಂದೇ ಕುರ್ಚಿ ಈ ವಾರ ಒಬ್ಬರಿಗೆ ನಿಷಿದ್ಧ, ಮುಂದಿನ ವಾರ ಅವರದೇ. ಅಂಗಣದ ಯಜಮಾನಿಕೆ ಎರಡೂ ವಾರ ಬಿಳಿಯರಲ್ಲೇ ಉಳಿದು, ಬಾಡಿಗೆ ಅವರ ಕೈ ಸೇರುತ್ತಿತ್ತು. ಬೇರೆ ಕೂರಿಸುವುದು ಕಟ್ಟುಪಾಡಿನ ಮಾತಷ್ಟೇ ಅಲ್ಲ, ಆದಾಯದ ಮಾತೂ ಹೌದು ಎಂಬುದಕ್ಕೆ ಈ ಕಟ್ಟಡಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ಬ್ಲ್ಯಾಕ್ ಬ್ಯಾರನ್ಸ್ ಯಾರ ಕೃಪೆಯಿಂದಲೂ ಬೆಳೆದ ತಂಡವಲ್ಲ. ಗಣಿ, ಉಕ್ಕಿನ ಕಾರ್ಖಾನೆ, ಕೊಳವೆ ಎರಕದ ಕಾರ್ಖಾನೆಗಳಲ್ಲಿ ಕರಿಯ ಕಾರ್ಮಿಕರದೇ ತಂಡಗಳಿದ್ದವು; ವಾರವಿಡೀ ಕುಲುಮೆಯೆದುರು ದುಡಿದವರು ಬಿಡುವಿನಲ್ಲಿ ಆಡುತ್ತಿದ್ದರು. ಆ ಪಂದ್ಯಗಳಿಂದ ಎದ್ದು ಬಂದವರು ತಂಡವನ್ನು ಕಟ್ಟಿದರು. 1920ರ ದಶಕದ ಕೊನೆಯಲ್ಲಿ ಇಲ್ಲಿ ಚೆಂಡೆಸೆದ ಸ್ಯಾಚೆಲ್ ಪೇಜ್ ಆ ಕಾಲದ ಅತ್ಯುತ್ತಮ ಪಿಚರ್‌ಗಳಲ್ಲಿ ಒಬ್ಬ. ಕಾರ್ಖಾನೆಯ ತಂಡದಿಂದ ಬಂದ ಪೈಪರ್ ಡೇವಿಸ್ 1948ರಲ್ಲಿ ಆಟಗಾರನೂ ಮ್ಯಾನೇಜರನೂ ಆಗಿದ್ದ. ಆ ವರ್ಷ ಅವನು ತಂಡಕ್ಕೆ ಸೇರಿಸಿಕೊಂಡ ಹದಿನೇಳರ ಹುಡುಗ ಪಕ್ಕದ ಫೇರ್‌ಫೀಲ್ಡ್‌ನವನು, ಇನ್ನೂ ಹೈಸ್ಕೂಲು ಮುಗಿಸಿರಲಿಲ್ಲ. ಹೆಸರು ವಿಲ್ಲಿ ಮೇಸ್. ತಂಡ ನೀಗ್ರೊ ಅಮೆರಿಕನ್ ಲೀಗ್ ಗೆದ್ದು ನೀಗ್ರೊ ವರ್ಲ್ಡ್ ಸೀರೀಸ್‌ಗೆ ಹೋಯಿತು, ಹೋಮ್‌ಸ್ಟೆಡ್ ಗ್ರೇಸ್ ಎದುರು ಸೋತಿತು. ನೀಗ್ರೊ ವರ್ಲ್ಡ್ ಸೀರೀಸ್ ನಡೆದದ್ದು ಅದೇ ಕೊನೆ. ಹಿಂದಿನ ವರ್ಷವೇ ಕರಿಯ ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗಿನ ವರ್ಣಭೇದದ ಗೋಡೆ ಒಡೆದಿದ್ದ; ದೊಡ್ಡ ತಂಡಗಳು ನೀಗ್ರೊ ಲೀಗಿನ ಆಟಗಾರರನ್ನು ಹೆಕ್ಕಿಕೊಂಡವು, ಆದರೆ ಆ ಲೀಗನ್ನು, ಅದರ ಮಾಲೀಕರನ್ನು, ಮ್ಯಾನೇಜರರನ್ನು ಹೊರಗೇ ಬಿಟ್ಟವು. ನ್ಯಾಯ ಆಟಗಾರನಿಗೆ ದಕ್ಕಿತು, ಅವನನ್ನು ಬೆಳೆಸಿದ ಸಂಸ್ಥೆ ಸೊರಗಿತು.

ಈ ಅಂಗಣದ ನಂಟು ಊರಿನ ರಾಜಕೀಯಕ್ಕೂ ಉಂಟು. ಪರಊರಿನ ಪಂದ್ಯಗಳ ಸುದ್ದಿ ತಂತಿಯಲ್ಲಿ ಬಂದಂತೆ ಅದನ್ನು ರೇಡಿಯೊದಲ್ಲಿ ಕಣ್ಣಿಗೆ ಕಟ್ಟುವಂತೆ ವರ್ಣಿಸಿ ಊರಿಗೆಲ್ಲ ಪರಿಚಿತನಾದವನು ಬುಲ್ ಕಾನರ್. ಆ ಜನಪ್ರಿಯತೆಯ ಬಲದಿಂದಲೇ ಚುನಾವಣೆಗೆ ಇಳಿದ. 1963ರಲ್ಲಿ ಸಮಾನ ಹಕ್ಕು ಕೇಳಿ ಬೀದಿಗಿಳಿದ ಮಕ್ಕಳ ಮೇಲೆ ನಾಯಿ ಬಿಡಿಸಿ, ಬೆಂಕಿ ಆರಿಸುವ ನೀರಿನ ಕೊಳವೆ ತಿರುಗಿಸಿದ ನಗರದ ಸುರಕ್ಷತಾ ಕಮಿಷನರ್ ಇವನೇ. ಎಲ್ಲವನ್ನೂ ಅವನೊಬ್ಬನ ತಲೆಗೆ ಕಟ್ಟುವುದು ಮಾತ್ರ ಸುಲಭದ ದಾರಿ. ಬಿಳಿಯರು, ಕರಿಯರು ಸೇರಿ ಬೇಸ್‌ಬಾಲ್ ಇರಲಿ, ಇಸ್ಪೀಟು ಕೂಡ ಆಡಬಾರದೆಂದು ನಗರದ ಕಾನೂನೇ ಹೇಳುತ್ತಿತ್ತು. 1954ರಲ್ಲಿ ನಗರಾಡಳಿತ ಆ ಕಟ್ಟನ್ನು ತುಸು ಸಡಿಲಿಸಿದಾಗ ಮತದಾರರೇ ಜನಮತಗಣನೆಯಲ್ಲಿ ಅದನ್ನು ಮತ್ತೆ ಬಿಗಿದರು. ರಿಕ್‌ವುಡ್‌ನಲ್ಲಿ ಕೂತು ಆಟ ನೋಡುತ್ತಿದ್ದ ಊರು ತಾನೇ ಕೈಯಾರೆ ಬರೆದ ತೀರ್ಪು ಅದು.

ಅದರ ಬೆಲೆಯನ್ನೂ ಊರೇ ತೆತ್ತಿತು. ಬ್ಯಾರನ್ಸ್ ಆಡುತ್ತಿದ್ದ ಸದರ್ನ್ ಅಸೋಸಿಯೇಷನ್ ಎಂಬ ಲೀಗು ಕರಿಯ ಆಟಗಾರರನ್ನು ಹತ್ತಿರ ಸೇರಿಸದೆ ಹಟ ಹಿಡಿದು 1961ರಲ್ಲಿ ಕಣ್ಣು ಮುಚ್ಚಿತು. ಮುಂದಿನ ಎರಡು ವರ್ಷ ರಿಕ್‌ವುಡ್‌ಗೆ ಬ್ಯಾರನ್ಸ್ ಇಲ್ಲ. 1964ರಲ್ಲಿ ಕ್ಯಾನ್ಸಸ್ ಸಿಟಿ ತಂಡದ ಒಡೆಯ ಚಾರ್ಲಿ ಫಿನ್ಲಿ ಕರಿಯರು, ಬಿಳಿಯರು ಕೂಡಿ ಆಡುವ ಬ್ಯಾರನ್ಸ್ ಅನ್ನು ಇಲ್ಲಿಗೆ ತಂದ. ಕಾನೂನು ಬಿದ್ದಿತ್ತು, ಊರಿನ ಸ್ವಭಾವ ಬಿದ್ದಿರಲಿಲ್ಲ. 1967ರಲ್ಲಿ ಇಲ್ಲಿ ಆಡಿದ ರೆಜಿ ಜ್ಯಾಕ್ಸನ್‌ಗೆ ಹೋಟೆಲುಗಳಲ್ಲಿ ಊಟವಿಲ್ಲ, ಕೋಣೆಯಿಲ್ಲ. ಸಹ ಆಟಗಾರ ಜೋ ರೂಡಿಯ ಮನೆಯ ಸೋಫಾದಲ್ಲಿ ಮಲಗುತ್ತಿದ್ದವನನ್ನು, ಕಟ್ಟಡಕ್ಕೇ ಬೆಂಕಿ ಹಚ್ಚುತ್ತೇವೆಂಬ ಬೆದರಿಕೆ ಅಲ್ಲಿಂದಲೂ ಎಬ್ಬಿಸಿತು.

1987ರ ಋತು ಮುಗಿಸಿ ಬ್ಯಾರನ್ಸ್ ಹೂವರ್ ಎಂಬ ಉಪನಗರದ ಹೊಸ ಅಂಗಣಕ್ಕೆ ಹೋಯಿತು. 1994ರಲ್ಲಿ ಮೈಕಲ್ ಜೋರ್ಡನ್ ಬಾಸ್ಕೆಟ್‌ಬಾಲ್ ಬಿಟ್ಟು ಬ್ಯಾರನ್ಸ್ ಪರ ಬ್ಯಾಟು ಹಿಡಿದದ್ದು ಅಲ್ಲೇ. 2013ರಲ್ಲಿ ತಂಡ ನಗರದ ನಡುವಿನ ರೀಜನ್ಸ್ ಫೀಲ್ಡ್‌ಗೆ ಮರಳಿತು, ರಿಕ್‌ವುಡ್‌ಗಲ್ಲ. ರಿಕ್‌ವುಡ್ ಉಳಿದುಕೊಂಡದ್ದಕ್ಕೆ ಒಂದು ಕಾರಣ ಈ ಅಲಕ್ಷ್ಯವೇ. ಅದು ಇರುವುದು ನಗರದ ಪಶ್ಚಿಮದ ಬಡ ಬಡಾವಣೆಯಲ್ಲಿ. ಅಲ್ಲಿನ ನೆಲಕ್ಕೆ ಬೆಲೆ ಏರಿದ್ದರೆ ಕಂಬಗಳು ಎಂದೋ ಗುಜರಿ ಸೇರುತ್ತಿದ್ದವು.

ಎರಡನೆಯ ಕಾರಣ ಜನ. 1992ರಲ್ಲಿ ಹುಟ್ಟಿದ ಫ್ರೆಂಡ್ಸ್ ಆಫ್ ರಿಕ್‌ವುಡ್ ಎಂಬ ಸಂಘ ಕಟ್ಟಡದ ರಿಪೇರಿಯನ್ನು ಕೈಗೆತ್ತಿಕೊಂಡಿತು. 1996ರಿಂದ ರಿಕ್‌ವುಡ್ ಕ್ಲಾಸಿಕ್ ಎಂದು ವರ್ಷಕ್ಕೊಮ್ಮೆ ಬ್ಯಾರನ್ಸ್ ತಂಡವನ್ನು ಹಳೇ ಮನೆಗೆ ಕರೆಸಿ, ಹಳೇ ಕಾಲದ ಸಮವಸ್ತ್ರ ತೊಡಿಸಿ ಪಂದ್ಯ ಆಡಿಸುವ ಪರಿಪಾಠ ಶುರುವಾಯಿತು. ಕಾಲೇಜು, ಹೈಸ್ಕೂಲು ತಂಡಗಳೂ ಆಡುವುದರಿಂದ ಅಂಗಣ ಬರಿಯ ಪ್ರದರ್ಶನದ ವಸ್ತುವಾಗಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದಕ್ಕಿಂತ ಬಳಸುತ್ತ ಕಾಯುವುದು ಕಷ್ಟದ ಕೆಲಸ; ಅದನ್ನು ಇವರು ಮಾಡಿ ತೋರಿಸಿದ್ದಾರೆ. ಸಂಘದ ಈ ಸಾಧನೆಗೆ ಪೂರ್ಣ ಅಂಕ ಕೊಡಬೇಕು.

ನನ್ನ ತಕರಾರು ಇರುವುದು ಅಲಂಕಾರದ ಬಗ್ಗೆ. ಹೊರಮೈದಾನದ ಗೋಡೆಯ ಹಳೇ ಮಾದರಿಯ ಜಾಹೀರಾತುಗಳನ್ನು ನೋಡಿ ಬಂದವರು ಬೆರಗಾಗುತ್ತಾರೆ. ಆ ಬಣ್ಣ ಬಂದದ್ದು 1994ರ ‘ಕಾಬ್’ ಚಲನಚಿತ್ರಕ್ಕಾಗಿ ಇಲ್ಲಿ ಶೂಟಿಂಗ್ ನಡೆದಾಗ. ಸಿನಿಮಾದ ಸೆಟ್ಟು ಸ್ಮಾರಕದ ಮೈಗೆ ಅಂಟಿಕೊಂಡಿತು. ಇದನ್ನು ಮೋಸ ಎನ್ನಲಾರೆ. ಆದರೆ ಹಳೇ ಕಾಲವೆಂದರೆ ಚಂದದ ಅಕ್ಷರ, ಜೋಲು ಅಂಗಿ, ಪಟ್ಟೆ ಕಾಲುಚೀಲ ಎಂಬ ಭಾವ ಇದರಿಂದ ಗಟ್ಟಿಯಾಗುತ್ತದೆ. ಆಟಗಾರನಿಗೆ 1930ರ ವೇಷ ತೊಡಿಸಬಹುದು. ಅದೇ ವರ್ಷ ಯಾರು ನೆರಳಿನಲ್ಲಿ ಕೂತರು, ಯಾರು ಬಿಸಿಲಿನಲ್ಲಿ ಕೂತರು ಎಂಬುದನ್ನು ಆ ವೇಷ ಹೇಳಲಾರದು.

2024ರ ಜೂನ್ 20ರಂದು ಈ ಪ್ರಶ್ನೆ ಇಡೀ ಅಮೆರಿಕದ ಎದುರು ಬಂತು. ಮೇಜರ್ ಲೀಗು ನೀಗ್ರೊ ಲೀಗುಗಳ ಗೌರವಾರ್ಥ ರಿಕ್‌ವುಡ್‌ನಲ್ಲಿ ಅಧಿಕೃತ ಪಂದ್ಯ ಏರ್ಪಡಿಸಿತು. ಅದಕ್ಕಾಗಿ ಮೈದಾನವನ್ನೇ ಹೊಸದಾಗಿ ಹಾಸಿ, ಗೋಡೆಗಳಿಗೆ ಮೆತ್ತೆ ಹೊದಿಸಲಾಗಿತ್ತು. ಅಂಪೈರ್‌ಗಳೆಲ್ಲ ಕರಿಯರು, ಮೇಜರ್ ಲೀಗಿನಲ್ಲಿ ಅದೇ ಮೊದಲು. 1948ರ ಬ್ಲ್ಯಾಕ್ ಬ್ಯಾರನ್ಸ್ ತಂಡದ ಪಿಚರ್, ಆಗ ತೊಂಬತ್ತೊಂಬತ್ತು ವಯಸ್ಸಿನ ಬಿಲ್ ಗ್ರೀಸನ್ ಮೊದಲ ಚೆಂಡು ಎಸೆದರು. ಎರಡು ದಿನ ಮೊದಲು ವಿಲ್ಲಿ ಮೇಸ್ 93ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರಿಂದ ಸಂಭ್ರಮಕ್ಕೆ ಶೋಕ ಬೆರೆಯಿತು. ಮೇಸ್ ತಮ್ಮ ಮೇಜರ್ ಲೀಗ್ ಬದುಕಿನ ಬಹುಭಾಗ ಆಡಿದ ಜೈಂಟ್ಸ್ ತಂಡವನ್ನು ಸೇಂಟ್ ಲೂಯಿ ಕಾರ್ಡಿನಲ್ಸ್ 6–5ರಲ್ಲಿ ಸೋಲಿಸಿತು.

ಕಾರ್ಯಕ್ರಮ ಅಚ್ಚುಕಟ್ಟಾಗಿತ್ತು. ಅದಕ್ಕೆ ತೂಕ ತಂದದ್ದು ಮಾತ್ರ ರೆಜಿ ಜ್ಯಾಕ್ಸನ್. ಮರಳಿ ಬಂದದ್ದು ಹೇಗನಿಸುತ್ತಿದೆ ಎಂದು ಟಿವಿಯ ನೇರಪ್ರಸಾರದಲ್ಲಿ ಕೇಳಿದಾಗ ಅವರು ಸವಿನೆನಪು ಹೇಳಲಿಲ್ಲ. ಬಾಗಿಲು ಮುಚ್ಚಿದ ಹೋಟೆಲುಗಳನ್ನು, ಕೇಳಿಸಿಕೊಂಡ ಬೈಗುಳವನ್ನು, ಬೆಂಕಿಯ ಬೆದರಿಕೆಯನ್ನು ಬಿಡಿಬಿಡಿಯಾಗಿ ಹೇಳಿದರು. ಜೊತೆಗೆ ನಿಂತ ಮ್ಯಾನೇಜರ್ ಮತ್ತು ಗೆಳೆಯರು ಇರದಿದ್ದರೆ ತಾನು ಉಳಿಯುತ್ತಿರಲಿಲ್ಲ ಎಂದರು. ಬಣ್ಣ ಬಳಿದ ಗೋಡೆ ಹೇಳದ್ದನ್ನು ಒಬ್ಬ ಮನುಷ್ಯನ ಬಾಯಿಮಾತು ಕೆಲವೇ ನಿಮಿಷಗಳಲ್ಲಿ ಹೇಳಿತು. ಅಂದಿನ ಕಾರ್ಯಕ್ರಮದ ಅತ್ಯುತ್ತಮ ಭಾಗ ಸಂಘಟಕರು ಬರೆದಿಟ್ಟ ಪಟ್ಟಿಯಲ್ಲಿ ಇಲ್ಲದ್ದು ಎಂದೇ ನನಗನಿಸುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಮೇಜರ್ ಲೀಗು 1920ರಿಂದ 1948ರವರೆಗಿನ ನೀಗ್ರೊ ಲೀಗುಗಳ ಅಂಕಿಅಂಶಗಳನ್ನು ತನ್ನ ದಾಖಲೆಗೆ ಸೇರಿಸಿತ್ತು. ಬ್ಲ್ಯಾಕ್ ಬ್ಯಾರನ್ಸ್ ಪರ 1948ರಲ್ಲಿ ಹೊಡೆದ ಹತ್ತು ಹಿಟ್‌ಗಳು ಮೇಸ್ ಖಾತೆಗೆ ಸೇರಿ ಒಟ್ಟು 3,293 ಆಯಿತು, ನೀಗ್ರೊ ಲೀಗಿನ ಆಟಗಾರ ಜೋಶ್ ಗಿಬ್ಸನ್‌ರ .372 ಬ್ಯಾಟಿಂಗ್ ಸರಾಸರಿ ಸಾರ್ವಕಾಲಿಕ ಅಗ್ರಸ್ಥಾನಕ್ಕೆ ಏರಿತು. ತಡವಾದರೂ ಸರಿಯಾದ ಕೆಲಸ. ಆದರೆ ಸತ್ತವರ ಲೆಕ್ಕ ಸರಿಪಡಿಸುವುದು ಬದುಕಿರುವವರ ಲೆಕ್ಕಕ್ಕೆ ಬದಲಿಯಾಗಲಾರದು. 1980ರ ದಶಕದ ಮೊದಲಲ್ಲಿ ಮೇಜರ್ ಲೀಗಿನ ಆಟಗಾರರಲ್ಲಿ ಶೇ. 18ರ ಆಸುಪಾಸಿನಲ್ಲಿದ್ದ ಕರಿಯ ಅಮೆರಿಕನ್ನರು 2024ರಲ್ಲಿ ಸುಮಾರು ಶೇ. 6 ಮಾತ್ರ. ಇದೇ ಮೇಜರ್ ಲೀಗು 2021ರಲ್ಲಿ ತನ್ನ ಅಧೀನದ ಮೈನರ್ ಲೀಗ್ ತಂಡಗಳನ್ನು 120ಕ್ಕೆ ಇಳಿಸಿ, ಸುಮಾರು ನಲವತ್ತು ಊರುಗಳ ನಂಟು ಕಡಿದುಕೊಂಡಿತು. ಒಂದು ಹಳೇ ಅಂಗಣವನ್ನು ಟಿವಿಯಲ್ಲಿ ಮೆರೆಸಿದ ಕೈಯೇ ಮೂರು ವರ್ಷ ಮೊದಲು ಅಷ್ಟೊಂದು ಅಂಗಣಗಳ ಹೊಟ್ಟೆಗೆ ಕಲ್ಲು ಹಾಕಿತ್ತು.

ಹೀಗೆ ನೋಡಿದರೆ ರಿಕ್‌ವುಡ್‌ನ ಸಂರಕ್ಷಣೆ ಅರ್ಧ ಗೆದ್ದ ಕೆಲಸ. ಊರಿನವರು ಕಂಬ, ಚಾವಣಿ, ಕಮಾನುಗಳನ್ನು ಶ್ರದ್ಧೆಯಿಂದ ಕಾಪಾಡಿದ್ದಾರೆ. ಉಳಿದರ್ಧಕ್ಕೆ ಹೆಚ್ಚಿನ ಹಣ ಬೇಡ, ನಿಷ್ಠುರತೆ ಬೇಕು: ಬಾಡಿಗೆಯ ಲೆಕ್ಕ, ಬೇರೆ ಕೂರಿಸಿದ ಸಾಲುಗಳು, 1954ರ ಮತ, ಬ್ಯಾರನ್ಸ್ ಇಲ್ಲದ ಎರಡು ಋತುಗಳು, ಇವೆಲ್ಲ ಮೇಸ್‌ನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಂಗಣದೊಳಗೆ ಓದಲು ಸಿಗಬೇಕು. ಆಗ ಇದು ಅಮೆರಿಕದ ಹಳೆಯ ಅಂಗಣ ಎಂಬುದಕ್ಕಿಂತ ದೊಡ್ಡ ಮಾತಿಗೆ ಅರ್ಹವಾದೀತು. ಮೇಜರ್ ಲೀಗಿಗೆ ನಿಜವಾದ ಗೌರವ ತೋರಿಸುವ ಮನಸ್ಸಿದ್ದರೆ, ಆ ಪಶ್ಚಿಮ ಬಡಾವಣೆಯ ಮಕ್ಕಳ ಕೈಗೆ ವರ್ಷವಿಡೀ ಬ್ಯಾಟು, ಚೆಂಡು ಸಿಗುವಂತೆ ಮಾಡಲಿ. ಮೇಸ್‌ನನ್ನು ಕೊಟ್ಟದ್ದು ಒಂದು ದಿನದ ಉತ್ಸವವಲ್ಲ, ಕಾರ್ಖಾನೆಯ ಪಾಳಿ ಮುಗಿಸಿ ದಿನದಿನವೂ ಆಡುತ್ತಿದ್ದ ಜನ.