ಬೆಂಥಮ್ ಮೇಲಿನ ಸುಳ್ಳು ಕೇಸು

ಅಪರಾಧಶಾಸ್ತ್ರದ ತರಗತಿಯಲ್ಲಿ ನೀತಿಯ ಪಾಠ ಶುರುವಾಗುವ ಮೊದಲೇ ಪಾತ್ರ ಹಂಚಿಕೆ ಮುಗಿದಿರುತ್ತದೆ. ಕಾಂಟ್ ನಾಯಕ, ಬೆಂಥಮ್ ಖಳನಾಯಕ, ಅರಿಸ್ಟಾಟಲ್‌ಗೆ ಕೊನೆಯ ಬೆಂಚು. ಆಮೇಲೆ 1957ರಲ್ಲಿ ತತ್ವಶಾಸ್ತ್ರಜ್ಞ ಮೆಕ್‌ಕ್ಲಾಸ್ಕಿ ಮುಂದಿಟ್ಟ ಷೆರಿಫ್‌ನ ಕತೆ ಬರುತ್ತದೆ: ದಂಗೆ ತಪ್ಪಿಸಲು ನಿರಪರಾಧಿಯೊಬ್ಬನ ಮೇಲೆ ಕೇಸು ಜಡಿಯಬಹುದೇ? ಲಾಭನಷ್ಟ ತೂಗುವ ಬೆಂಥಮ್‌ನಂಥ ಉಪಯುಕ್ತತಾವಾದಿ ಹೌದೆನ್ನಲೇಬೇಕು ಎಂದು ಷರಾ ಬರೆದು ಮೇಷ್ಟರು ಪುಟ ತಿರುವುತ್ತಾರೆ. ಆರೋಪಿ ಬೆಂಥಮ್‌ನ ಹೇಳಿಕೆ ಕೇಳುವ ಗೊಡವೆ ಯಾರಿಗೂ ಇಲ್ಲ.

ಕೇಳಿದ್ದರೆ ಆಗುತ್ತಿದ್ದುದೇ ಬೇರೆ. 1789ರ ತನ್ನ ಮುಖ್ಯ ಗ್ರಂಥದಲ್ಲಿ ಬೆಂಥಮ್ ಹೊರಡುವುದೇ ಶಿಕ್ಷೆಯೂ ಒಂದು ಕೆಡುಕು ಎಂಬಲ್ಲಿಂದ. ಹಾನಿಯೇ ಆಗದಿದ್ದಾಗ, ಶಿಕ್ಷೆಯಿಂದ ಅಪರಾಧ ನಿಲ್ಲದಿದ್ದಾಗ, ಶಿಕ್ಷೆಯ ನೋವು ಅಪರಾಧದ ನೋವನ್ನು ಮೀರಿದಾಗ, ಸೌಮ್ಯವಾದ ದಾರಿಯಲ್ಲೇ ಕೆಲಸ ಆಗುವಾಗ ಶಿಕ್ಷೆ ಕೂಡದು ಎಂದು ಅವನು ಬೇಲಿ ಹಾಕುತ್ತಾನೆ. ಷೆರಿಫ್‌ನ ಆಟವಂತೂ ಗುಟ್ಟು ರಟ್ಟಾಗದಿದ್ದರೆ ಮಾತ್ರ ನಡೆಯುವಂಥದ್ದು. ವಿಚಾರಣೆ ಎಲ್ಲರ ಕಣ್ಣೆದುರು ನಡೆಯಬೇಕು, ನ್ಯಾಯಾಧೀಶನ ಮೇಲೂ ಜನರ ಕಣ್ಣಿರಬೇಕು ಎಂದು ಜೀವನವಿಡೀ ಹಟ ಹಿಡಿದವನಿಗೆ ಈ ಗುಟ್ಟಿನ ಕೂಸನ್ನು ಕಟ್ಟುವುದು ಯಾವ ನ್ಯಾಯ?

ಮೆಕಾಲೆಯ ಭಾರತೀಯ ದಂಡಸಂಹಿತೆ ಬೆಂಥಮ್‌ನ ಸಂತಾನ ಎಂಬ ಮಾತೂ ಇದೆ. 1837ರಲ್ಲಿ ಕರಡಾಗಿ, 1860ರಲ್ಲಿ ಕಾನೂನಾದ ಆ ಸಂಹಿತೆ ಸಲಿಂಗಕಾಮಕ್ಕೆ ಶಿಕ್ಷೆ ವಿಧಿಸಿದ 377ನೇ ಕಲಮನ್ನೂ ಹೊತ್ತು ತಂದಿತು. ಆದರೆ ಸಲಿಂಗಕಾಮದಿಂದ ಯಾರಿಗೂ ಕೇಡಿಲ್ಲ, ಅದಕ್ಕೆ ಶಿಕ್ಷೆ ಸಲ್ಲದು ಎಂದು ಬೆಂಥಮ್ 1785ರ ಸುಮಾರಿಗೇ ಬರೆದಿಟ್ಟಿದ್ದ. ಬದುಕಿದ್ದಾಗ ಪ್ರಕಟಿಸಲು ಅಂಜಿದ. ಅದು ಅಚ್ಚಾದದ್ದು 1978ರಲ್ಲಿ. ನಮ್ಮ ಸುಪ್ರೀಂ ಕೋರ್ಟು ಅಲ್ಲಿಗೆ ಮುಟ್ಟಿದ್ದು 2018ರಲ್ಲಿ. ‘ಲೆಕ್ಕಿಗ’ ಬೆಂಥಮ್‌ನ ಲೆಕ್ಕ ತಪ್ಪಿರಲಿಲ್ಲ.

ಪನಾಪ್ಟಿಕಾನ್? ಕೈದಿಗಳನ್ನು ಸದಾ ಕಣ್ಗಾವಲಿನಲ್ಲಿಡುವ ಆ ಜೈಲಿನ ನಕ್ಷೆ ಅವನಿಗಂಟಿದ ಮಸಿ ನಿಜ. 1975ರಲ್ಲಿ ಫ್ರೆಂಚ್ ಚಿಂತಕ ಫೂಕೊ ಅದನ್ನು ಇನ್ನಷ್ಟು ಗಾಢವಾಗಿ ಬಳಿದ. ಆದರೂ ಸಾರ್ವಜನಿಕರು ಒಳಬಂದು ಮೇಲ್ವಿಚಾರಕನನ್ನೂ ನೋಡುವಂತಿರಬೇಕು ಎಂದವನೂ ಅವನೇ. ಅತ್ತ ಕಾಂಟ್ 1797ರಲ್ಲಿ ಹೇಳಿದ್ದೇನು? ದ್ವೀಪದ ಜನರೆಲ್ಲ ಸಮಾಜವನ್ನೇ ವಿಸರ್ಜಿಸಿ ಹೊರಟರೂ, ಹೊರಡುವ ಮುನ್ನ ಸೆರೆಯಲ್ಲಿರುವ ಕೊನೆಯ ಕೊಲೆಗಾರನನ್ನು ಗಲ್ಲಿಗೇರಿಸಿರಬೇಕು! ಯಾರಿಗೂ ಪ್ರಯೋಜನವಿಲ್ಲದ ಈ ಗಲ್ಲಿಗೆ ತರಗತಿಯಲ್ಲಿ ‘ಮಾನವ ಘನತೆ’ ಎಂಬ ಹೆಸರು. ಬೆಂಥಮ್ ಆದರೋ ಕೊನೆಗಾಲದಲ್ಲಿ ಮರಣದಂಡನೆಯೇ ಪೂರ್ತಿ ತೊಲಗಲಿ ಎಂದ.

ಇದು ಬರೀ ಪಾಠದ ತಕರಾರಲ್ಲ, ರುಚಿಯ ತಕರಾರು. ತೆರೆಯ ಮೇಲೆ ಇನ್‌ಸ್ಪೆಕ್ಟರ್ ಗುಂಡು ಹಾರಿಸಿದರೆ ಶಿಳ್ಳೆ, ಕೋರ್ಟಿಗೆ ಕರೆದೊಯ್ದರೆ ಆಕಳಿಕೆ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನ ಖಾಕಿಯ ಮೇಲೆ ಹೂವೆರಚಿದರು. ಅಂದು ಸಂಭ್ರಮಿಸಿದ್ದು ಲಾಭನಷ್ಟ ತೂಗುವ ಉಪಯುಕ್ತತಾವಾದವಲ್ಲ. ಕಾಂಟ್ ಕಡ್ಡಾಯವೆಂದ ವಿಚಾರಣೆಯನ್ನು ಕಿತ್ತೆಸೆದು ಅವನ ಗಲ್ಲನ್ನಷ್ಟೇ ಉಳಿಸಿಕೊಂಡ ಸೇಡು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗವು, ಗುಂಡು ಹಾರಿಸಿದ್ದು ಕೊಲ್ಲುವ ಉದ್ದೇಶದಿಂದಲೇ, ಹತ್ತು ಪೊಲೀಸರ ಮೇಲೆ ಕೊಲೆ ಆರೋಪದ ವಿಚಾರಣೆ ಆಗಬೇಕು ಎಂದಿತು. 2022ರಲ್ಲಿ ಬಹಿರಂಗವಾದ ಆ ವರದಿಯನ್ನು ಷೆರಿಫ್‌ನ ಕಟ್ಟುಕತೆಯ ಬದಲು ತರಗತಿಯಲ್ಲಿ ಓದಿಸಿದರೆ, ಬೆಂಥಮ್ ಮೇಲಿನ ಕೇಸು ಮೊದಲ ಪಾಠಕ್ಕೇ ವಜಾ ಆದೀತು.