ತೋರಣದ ಕುರಿಯೂ ಕೊಯ್ಯುವ ಕತ್ತಿಯೂ

ಹಬ್ಬದ ಬಲಿಗೆಂದು ತಂದ ಕುರಿಯು ತನ್ನ ಮರಣವನ್ನರಿಯದೆ ತೋರಣದ ಎಲೆಗೆ ಬಾಯಿಕ್ಕುವ ಚಿತ್ರವುಳ್ಳ ಬಸವಣ್ಣನವರ ವಚನವು ವಾಚಕರಿಗೆ ಸುಪರಿಚಿತವಾದುದು. ಅದನ್ನು ಅಹಿಂಸಾಬೋಧೆಯೆಂದಷ್ಟೇ ವಿವರಿಸುವುದು ರೂಢಿ. ಆ ಅರ್ಥ ತಪ್ಪಲ್ಲ, ಅಪೂರ್ಣ. ವಚನದ ದೃಷ್ಟಿಯು ಕುರಿಯಲ್ಲಿ ಆರಂಭವಾಗಿ ಕೊಂದವನಲ್ಲಿ ಪರ್ಯವಸಾನ ಹೊಂದುತ್ತದೆ. ಕೊಂದವನೂ ಮರಣಾಧೀನನೆಂಬ ಅರಿವೇ ಅದರ ಶಿಖರ. ಕತ್ತಿ ಎಂಥದು, ಹಿಡಿದವನು ಯಾವ ಕುಲದವನು ಎಂದು ಅದು ವಿಚಾರಿಸುವುದಿಲ್ಲ.

ಹಾಗೆ ವಿಚಾರಿಸಹೊರಟ ದಯೆಯ ಗತಿಯೇನಾಯಿತೆಂಬುದಕ್ಕೆ ಯೂರೋಪಿನ ಚರಿತ್ರೆ ನಿದರ್ಶನ. ಮುಕ್ಕಿಲ್ಲದ ಹರಿತವಾದ ಅಲಗಿನಿಂದ, ನಡುವೆ ತಡೆಯದೆ, ಪಶುವಿನ ಕತ್ತು ಕೊಯ್ಯಬೇಕೆಂದು ಯೆಹೂದ್ಯರ ಧರ್ಮಶಾಸ್ತ್ರ ವಿಧಿಸುತ್ತದೆ. ಇದರಿಂದ ನೋವು ಅತ್ಯಲ್ಪವೆಂದು ಅವರ ವಾದ. ಮೊದಲು ಪ್ರಜ್ಞೆ ತಪ್ಪಿಸದೆ ಕೊಯ್ಯುವುದು ಕ್ರೌರ್ಯವೆಂದು ಪ್ರಾಣಿದಯಾಪರರ ಪ್ರತಿವಾದ. ಪ್ರಶ್ನೆಯೇನೋ ನಿಜವಾದುದೇ, 2020ರಲ್ಲಿಯೂ ಅದು ಐರೋಪ್ಯ ಒಕ್ಕೂಟದ ನ್ಯಾಯಾಲಯದ ಮುಂದೆ ಬಂದಿತ್ತು. ಆದರೆ 1893ರಲ್ಲಿ ಸ್ವಿಟ್ಜರ್ಲೆಂಡಿನ ಜನಮತವು ಈ ಪದ್ಧತಿಯನ್ನು ನಿಷೇಧಿಸಿದಾಗ ಪಶುದಯೆಯೊಡನೆ ಯೆಹೂದ್ಯದ್ವೇಷವೂ ಬೆರೆತಿತ್ತು. 1933ರ ಏಪ್ರಿಲಿನಲ್ಲಿ ಹಿಟ್ಲರನ ಸರಕಾರ ಅಂಥದೇ ಕಾನೂನನ್ನು ತಂದಿತು. ಪಶುವಿಗಾಗಿ ಮರುಗಿದಂತೆ ತೋರಿದ ಆ ಸರಕಾರವೇ ಮುಂದೆ ಲಕ್ಷಾಂತರ ಯೆಹೂದ್ಯರನ್ನು ಕೊಲ್ಲಿಸಿತು.

ನಮ್ಮಲ್ಲಿ 1959ರ ಕಾಯಿದೆಯು ದೇವಾಲಯಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿತು. 1960ರ ಕೇಂದ್ರ ಕಾಯಿದೆಯಾದರೋ ಪ್ರಾಣಿಹಿಂಸೆಯನ್ನು ತಡೆಯಹೊರಟರೂ, ಧರ್ಮವಿಹಿತ ರೀತಿಯ ವಧೆಯನ್ನು ಅಪರಾಧವೆನ್ನಲಿಲ್ಲ. ಕಾನೂನು ಹೀಗೆ ಎರಡು ದನಿಯಲ್ಲಿ ನುಡಿಯುವಾಗ ಉಳಿದುದನ್ನು ಅಂತಃಕರಣವೇ ನುಡಿಯಬೇಕು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಈ ಸೀಮೆ ಚೌಡದಾನಪುರದ ಅಂಬಿಗರ ಚೌಡಯ್ಯನವರದು, ಕಾಗಿನೆಲೆಯ ಕನಕದಾಸರದು. ಕುಲದ ಬಿಂಕವನ್ನು ಖಂಡಿಸಿದವರ ನೆಲ. ಇಲ್ಲಿಯೂ ಗ್ರಾಮದೇವತೆಯ ಜಾತ್ರೆ ಬಂದಾಗ, ಮರಿ ಕಡಿಯುವ ನೆರೆಯವರನ್ನು ಹೀಗಳೆಯಲು ಅದೇ ವಚನವನ್ನು ಉದಾಹರಿಸುವವರುಂಟು. ತಮ್ಮ ಎತ್ತಿನ ಹೆಗಲ ಹುಣ್ಣು ಅವರ ಕಣ್ಣಿಗೆ ಬೀಳದು.

ಹಾಗಾದರೆ ಬಲಿಯನ್ನು ಕಂಡು ಸುಮ್ಮನಿರಬೇಕೆ? ಕೂಡದು. ಬಸವಣ್ಣನವರು ಸುಮ್ಮನಿರಲಿಲ್ಲ, ವೇದವನ್ನೋದಿ ಹೋತನನ್ನು ಕೊಲ್ಲುವ ಪ್ರಬಲರ ಎದುರಿಗೇ ಪ್ರಶ್ನೆ ಎತ್ತಿದರು. ದುರ್ಬಲರನ್ನು ಊರ ಹೊರಗಿರಿಸಲು ಅವರು ಪಶುವನ್ನು ನೆಪಮಾಡಿಕೊಳ್ಳಲಿಲ್ಲ. ಕುರಿಗಾಗಿ ಮರುಗುವ ಮನಸ್ಸು ನೆರೆಯವನಿಗಾಗಿಯೂ ಮರುಗಿದರೆ ಅದು ದಯೆ. ಇಲ್ಲವಾದರೆ ಅದೂ ಹರಿತವಾದ ಮತ್ತೊಂದು ಅಲಗು. ವಚನವನ್ನು ಓದುವವರು ಮೊದಲು ತಮ್ಮ ಕೈಯನ್ನು ನೋಡಿಕೊಳ್ಳಬೇಕು.