ಖಾಲಿ ಮನೆಗಳ ಲೆಕ್ಕ

ಹಂಪಿಯ ಮಂಟಪಕ್ಕೆ ಹೋದವರು ಕಂಬ ನೋಡುತ್ತಾರೆ, ಬೋದಿಗೆ ನೋಡುತ್ತಾರೆ, ವಿರೂಪಾಕ್ಷನ ರಂಗಮಂಟಪದಲ್ಲಾದರೆ ಕತ್ತೆತ್ತಿ ಛತ್ತಿನ ಚಿತ್ರ ನೋಡುತ್ತಾರೆ. ನೆಲ ನೋಡುವವರು ಕಡಿಮೆ. ಅಲ್ಲಿನ ಚಪ್ಪಡಿಗಳಲ್ಲಿ ಒಂದರೊಳಗೊಂದು ಕೊರೆದ ಚೌಕಗಳಿವೆ, ಸಾಲು ಗುಳಿಗಳಿವೆ, ಹುಲಿಯಾಟದ ಗೆರೆಗಳಿವೆ. ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಡೇವಿಡ್ ಗಿಬ್ಸನ್ ಈ ಆಟದ ಪಟಗಳನ್ನು ಕುರಿತ ಪ್ರಾಥಮಿಕ ವರದಿಯನ್ನು 2007ರಲ್ಲಿ ಪ್ರಕಟಿಸಿದರು. ಎಲ್ಕೆ ರೋಗರ್ಸ್‌ಡಾಟರ್ 2015ರಲ್ಲಿ ಇವುಗಳ ಆಕಾರ, ವೈವಿಧ್ಯಗಳ ಬಗ್ಗೆ ಬರೆದರು. ಕೊರೆದವರು ಕಾವಲಿನವರೋ, ಯಾತ್ರಿಕರೋ, 1565ರಲ್ಲಿ ಪಟ್ಟಣ ಹಾಳಾದ ಮೇಲೆ ದನ ಮೇಯಿಸಲು ಬಂದವರೋ, ಗೆರೆ ನೋಡಿ ಹೇಳಲಾಗದು.

ಈ ಆಟಗಳ ಮಾತು ಬಂದಾಗಲೆಲ್ಲ ‘ಹಿರಿಯರ ಜಾಣತನ’, ‘ಬುದ್ಧಿ ಚುರುಕಾಗುತ್ತದೆ’ ಎಂಬ ಹೊಗಳಿಕೆ ತಪ್ಪದೆ ಬರುತ್ತದೆ. ಯಾವ ಜಾಣತನ, ಎಲ್ಲಿ ಅಡಗಿದೆ ಎಂದು ತೋರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಾಯಿ ಹಿಡಿದು ಕೂತರೆ ನನಗೆ ಕಾಣುವುದಿಷ್ಟು: ಈ ಆಟಗಳ ಗಣಿತವೆಲ್ಲ ಖಾಲಿ ಉಳಿದ ಮನೆಗಳಲ್ಲಿದೆ.

ಆಡು-ಹುಲಿಯನ್ನೇ ತೆಗೆದುಕೊಳ್ಳಿ. ತ್ರಿಕೋನದ ಪಟದಲ್ಲಿ 23 ಮನೆ, 3 ಹುಲಿ, 15 ಆಡು. ಒಂದೂ ಆಡು ಸಾಯದೆ ಎಲ್ಲವೂ ಪಟದ ಮೇಲೆ ಬಂದರೆ ಉಳಿಯುವುದು ಐದೇ ಮನೆ. ಹುಲಿಗೆ ಉಸಿರು ಕಟ್ಟುತ್ತದೆ. ಹುಲಿ ಆಡನ್ನು ಹಾರಿ ತಿನ್ನಬೇಕಾದರೆ ಆಡಿನ ಬೆನ್ನ ಹಿಂದಿನ ಮನೆ ಬರಿದಾಗಿರಬೇಕು. ಹಿಂದೆ ಇನ್ನೊಂದು ಆಡು ನಿಂತಿದ್ದರೆ ಹುಲಿಯ ಬಲವೆಲ್ಲ ವ್ಯರ್ಥ. ಒಂದು ಆಡು ಸತ್ತಾಗ ಹೋಗುವುದು ಒಂದು ಕಾಯಿಯಷ್ಟೇ ಅಲ್ಲ, ಹುಲಿಗೆ ಓಡಾಡಲು ಒಂದು ಮನೆ ಹೆಚ್ಚುತ್ತದೆ. ಆರು ಆಡು ಸತ್ತರೆ 9 ಆಡು, 11 ಖಾಲಿ ಮನೆ. ಅಲ್ಲಿಂದ ಮೂರೂ ಹುಲಿಗಳನ್ನು ಕಟ್ಟಿಹಾಕುವುದು ಕನಸಿನ ಮಾತು. ಎಲ್ಲ ಆಡುಗಳನ್ನು ಇಟ್ಟು ಮುಗಿಯುವ ತನಕ ಇಟ್ಟ ಆಡನ್ನು ಕದಲಿಸುವಂತಿಲ್ಲ ಎಂಬ ನಿಯಮವೂ ಸೇರಿ, ಹೊಸಬ ಮೊದಲ ಐದಾರು ಆಡುಗಳಲ್ಲೇ ಸೋತಿರುತ್ತಾನೆ, ಅವನಿಗೆ ಗೊತ್ತಾಗುವುದು ತಡವಾಗಿ. ಎರಡು ಕಡೆಗೂ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ. ಆದರೂ ಇಬ್ಬರಿಗೂ ಗೆಲ್ಲುವ ಆಸೆ ಕೊನೆಯವರೆಗೆ ಇರುತ್ತದೆ. ಇಲ್ಲಿ ಹೇಳುವ ನಾಲ್ಕು ಆಟಗಳಲ್ಲಿ ನನ್ನ ಮೊದಲ ಅಂಕ ಇದಕ್ಕೇ.

ಮೂರು ಚೌಕದ ನವಕಂಕರಿಗೆ ಅಷ್ಟು ಅಂಕ ಕೊಡಲಾರೆ. 24 ಮನೆ, ತಲಾ 9 ಕಾಯಿ. ಇಲ್ಲಿಯೂ 18 ಕಾಯಿಯೇ, ಖಾಲಿ ಮನೆ ಆರು. ಮೂರು ಕಾಯಿ ಸಾಲಾದರೆ ಎದುರಾಳಿಯದೊಂದು ಹೊರಕ್ಕೆ. ಒಂದೇ ಕಾಯಿಯನ್ನು ಹಿಂದೆ ಮುಂದೆ ಸರಿಸಿ ಪ್ರತಿ ಸಲವೂ ಸಾಲು ಮಾಡುವ ಜೋಡಿ ಕಟ್ಟು ಸಿಕ್ಕಿಬಿಟ್ಟರೆ ಮುಂದಿನದು ಬರೀ ಶಾಸ್ತ್ರ. ಕರ್ಣರೇಖೆಯಿಲ್ಲದ ಇದೇ ಪಟ ಯುರೋಪಿನಲ್ಲೂ ಉಂಟು. ಇಬ್ಬರೂ ತಪ್ಪದೆ ಆಡಿದರೆ ಅದು ಸಮನಾಗಿ ಮುಗಿಯುತ್ತದೆಂದು ರಾಲ್ಫ್ ಗ್ಯಾಸರ್ 1993ರಲ್ಲಿ ಕಂಪ್ಯೂಟರಿನಿಂದ ತೋರಿಸಿದರು. ಗುಡಿಕಟ್ಟೆಯ ಮೇಲೆ ತಪ್ಪದೆ ಆಡುವವರು ಯಾರೂ ಇಲ್ಲದ್ದರಿಂದ ಆಟ ಉಳಿದಿದೆ!

ಅಳಗುಳಿ ಮಣೆಯಲ್ಲಿ 14 ಗುಳಿ. ಗುಳಿಗೆ ಐದರಂತೆ 70 ಕಾಯಿ. ನಿಯಮ ಮನೆಗೊಂದು ಬಗೆ. ಸಾಮಾನ್ಯವಾಗಿ ಒಂದು ಗುಳಿಯ ಕಾಯಿ ಎತ್ತಿ ಒಂದೊಂದಾಗಿ ಹಂಚಿ, ಮುಂದಿನ ಗುಳಿಯನ್ನು ಎತ್ತಿ ಮತ್ತೆ ಹಂಚುತ್ತಾರೆ. ಎದುರಿಗೆ ಖಾಲಿ ಗುಳಿ ಬಂದರೆ ಅದರಾಚೆಯದು ನಿಮ್ಮ ಪಾಲು. ಮೊದಲ ಆಟದಲ್ಲೇ ಮೂರನೆಯ ಸಲ ಎತ್ತಿದ ಕಾಯಿಗಳು ಹೊರಟ ಗುಳಿಯನ್ನು ದಾಟುತ್ತವೆ, ನಾಲ್ಕನೆಯ ಸಲ ಕೈಗೆ ಬರುವುದು ಐದಲ್ಲ, ಆರು. ಮುಂದೆ ಎಲ್ಲಿ ನಿಲ್ಲುತ್ತದೆಂದು ಎಣಿಸದೆ ಹೇಳುವ ಅಜ್ಜಿಯ ಎದುರು ಕೂತವರಿಗೆ ಶೇಷದ ಲೆಕ್ಕವನ್ನು ಬೇರೆ ಹೇಳಿಕೊಡಬೇಕಿಲ್ಲ.

ಚೌಕಾಬಾರದಲ್ಲಿ ಖಾಲಿಗೇ ಬೆಲೆ ಹೆಚ್ಚು. ನಾಲ್ಕು ಕವಡೆಯೂ ಬಾಯಿ ಮೇಲಾದರೆ ಚೌಕ, ನಾಲ್ಕು. ಒಂದೂ ಮೇಲಾಗದಿದ್ದರೆ ಬಾರ, ಎಂಟು. ಕವಡೆಗೆ ಪಕ್ಷಪಾತ ಇಲ್ಲದಿದ್ದರೆ 16 ಸಾಧ್ಯತೆಗಳಲ್ಲಿ ಚೌಕ ಒಂದು, ಬಾರ ಒಂದು. ಒಂದು ಎಸೆತದ ಸರಾಸರಿ ಎರಡೂವರೆ. ಕವಡೆ ನಾಣ್ಯವಲ್ಲ. ಅದು ಹತ್ತಕ್ಕೆ ಆರು ಸಲ ಬಾಯಿ ಮೇಲಾಗಿ ಬಿದ್ದರೆ ಚೌಕ ನೂರಕ್ಕೆ ಸುಮಾರು 13 ಸಲ ಬೀಳುತ್ತದೆ, ಬಾರ ಮೂರು ಸಲವೂ ಬೀಳುವುದಿಲ್ಲ. ಇಷ್ಟು ಸಣ್ಣ ವಾಲಿಕೆ ಆಟದ ನ್ಯಾಯವನ್ನೇ ಬದಲಿಸುತ್ತದೆ. ಅದೃಷ್ಟದ ಆಟವೆಂದು ಇದನ್ನು ಹಗುರ ಮಾಡುವವರಿಗೆ ಈ ಲೆಕ್ಕ ಸಾಕು.

ಹಾಗಾಗಿ ನನ್ನ ತಕರಾರು ಆಟಗಳ ಮೇಲಲ್ಲ, ಅವುಗಳ ಪ್ರದರ್ಶನದ ಮೇಲೆ. ಮಣೆಯನ್ನು ಗಾಜಿನೊಳಗಿಟ್ಟು ಹೆಸರು ಬರೆದರೆ ಅದು ಪೀಠೋಪಕರಣ. ಹೊಸಪೇಟೆ, ಕಂಪ್ಲಿ, ಸಂಡೂರಿನ ಮೇಷ್ಟ್ರುಗಳಿಗೆ ಒಂದು ಮನವಿ: ಮಕ್ಕಳನ್ನು ಹಂಪಿಗೆ ಕರೆದೊಯ್ದಾಗ ನೆಲದ ಪಟ ತೋರಿಸಿ, ಅದರ ಮೇಲೆ ಗೀಚಲು ಬಿಡಬೇಡಿ. ಮರಳಿ ಬಂದು ಶಾಲೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಅದೇ ಪಟ ಬರೆಸಿ. ಕವಡೆಯ ಬದಲು ಒಂದು ಬದಿ ತೇದ ನಾಲ್ಕು ಹುಣಸೆ ಬೀಜ ಕೊಟ್ಟು ನೂರು ಸಲ ಎಸೆಸಿ, ಬಾರ ಎಷ್ಟು ಬಿತ್ತೆಂದು ಕರಿಹಲಗೆಯ ಮೇಲೆ ಬರೆಸಿ.